ಮೊಣಕಾಲೆತ್ತರದ ಬಲೆ

ಹಾರನಹಳ್ಳಿಯಿಂದ ಹಳೇಬೀಡಿನ ಕಡೆ ಹೋಗುವ ರಸ್ತೆ ಬಿಟ್ಟು ಗುಡ್ಡ ಹತ್ತಿದರೆ ಸುತ್ತ ಎಲ್ಲ ಕುರುಚಲು. ಒಂದು ಹಳ್ಳದಲ್ಲಿ ಮಾತ್ರ ಹೊಂಗೆ, ನೇರಳೆ, ಅತ್ತಿ ಒತ್ತಾಗಿ ಬೆಳೆದು ಮಧ್ಯಾಹ್ನವೂ ತಂಪಾಗಿರುತ್ತಿತ್ತು. ಇಂದು ಎಂಬ ಅರಣ್ಯ ಇಲಾಖೆಯ ಗಾರ್ಡ್ ಆ ಹಳ್ಳದಲ್ಲಿ ಆರು ತಿಂಗಳಿಂದ ಹಸಿರು ಬೆಳವಗಳನ್ನು ನೋಡುತ್ತಿದ್ದಳು. ಬೆಳವ ಎಂದರೆ ಊರವರಿಗೆ ಗೊತ್ತಿರುವುದು ಕರೆಂಟು ತಂತಿಯ ಮೇಲೆ ಕೂರುವ ಮಣ್ಣುಬಣ್ಣದ ಹಕ್ಕಿ. ಇದು ಕಾಡಿನದು. ರೆಕ್ಕೆ ಪಚ್ಚೆ ಹಸಿರು, ಕೊಕ್ಕು ಹವಳದ ಕೆಂಪು. ಒಣಗಿದ ಎಲೆ ತಿರುವಿ ಹಾಕುತ್ತ ನೆಲದ ಮೇಲೇ ಬೀಜ ಆರಿಸಿ ತಿನ್ನುತ್ತದೆ. ಬೆದರಿದರೆ ಮೇಲಕ್ಕೆ ಏಳುವುದಿಲ್ಲ, ಮರಗಳ ಸಂದಿಯಲ್ಲಿ ನೆಲಕ್ಕೆ ಅಂಟಿದಂತೆ ನೇರವಾಗಿ, ಬೀಸಿದ ಕಲ್ಲಿನ ಹಾಗೆ ಹೋಗಿಬಿಡುತ್ತದೆ.

ಇಂದುವಿಗೆ ಇಪ್ಪತ್ತೆಂಟು ವರ್ಷ. ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವನು. ಭಾನುವಾರ ಬೆಳಿಗ್ಗೆ ಬುದ್ಧನ ಪಟದ ಮುಂದೆ ಮನೆಯವರೆಲ್ಲ ಕೂತು ಪಂಚಶೀಲ ಹೇಳುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. ಯಾವ ಜೀವಿಗೂ ನೋವು ಮಾಡುವುದಿಲ್ಲ ಎಂಬ ಮೊದಲ ಸಾಲನ್ನು ಅವಳು ಯೋಚಿಸದೆ ಹೇಳಬಲ್ಲವಳಾಗಿದ್ದಳು.

ಫೆಬ್ರವರಿಯ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹಳ್ಳದಲ್ಲಿ ಬಲೆ ಕಂಡಿತು. ಕೂದಲಿನಷ್ಟು ತೆಳು ದಾರ, ಎರಡು ಮರಗಳ ನಡುವೆ, ನೆಲದಿಂದ ಮೊಣಕಾಲೆತ್ತರಕ್ಕೆ. ಕಟ್ಟಿದವನಿಗೆ ಈ ಹಕ್ಕಿಯ ಹಾರಾಟ ಚೆನ್ನಾಗಿ ಗೊತ್ತಿತ್ತು. ಮೂರು ಬೆಳವ ಸಿಕ್ಕಿಬಿದ್ದಿದ್ದವು. ಒಂದರ ಕುತ್ತಿಗೆಯನ್ನು ದಾರ ಅರ್ಧ ಕೊಯ್ದಿತ್ತು. ಇನ್ನೊಂದು ತಲೆಕೆಳಗಾಗಿ ನೇತಾಡುತ್ತಿತ್ತು, ಕಣ್ಣಿಗೆ ಇರುವೆ ಮುತ್ತಿತ್ತು. ಮೂರನೆಯದು ಬದುಕಿತ್ತು. ಇಂದು ಚಾಕು ತೆಗೆದು ಒಂದೊಂದೇ ಎಳೆ ಕತ್ತರಿಸಿದಳು. ಹಕ್ಕಿಯ ಎದೆ ಅವಳ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಕೊನೆಯ ಎಳೆ ಬಿಡಿಸುವ ಹೊತ್ತಿಗೆ ಅದು ಬಾಯಿ ತೆರೆದು ಸುಮ್ಮನಾಯಿತು.

ಅವಳು ಪೊದೆಯ ಹಿಂದೆ ಕೂತು ಕಾದಳು. ಅರ್ಧ ಗಂಟೆಯಲ್ಲಿ ಒಬ್ಬ ಮನುಷ್ಯ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಬಂದ. ಐವತ್ತು ದಾಟಿದ, ಸಣಕಲು ದೇಹದವನು. ಹೆಸರು ಉಗ್ರಪ್ಪ ಎಂದು ಅವಳಿಗೆ ಆಮೇಲೆ ತಿಳಿಯಿತು.

"ನಿಲ್ಲು."

ಉಗ್ರಪ್ಪ ಓಡಿದ. ಹತ್ತು ಹೆಜ್ಜೆಗೆ ಬೇರು ತೊಡರಿ ಬಿದ್ದ. ಚೀಲದ ಬಾಯಿ ಬಿಚ್ಚಿ ಬೆಳವಗಳು ಹೊರಗೆ ಉರುಳಿದವು. ಹಾರಬಾರದೆಂದು ಒಂದೊಂದರ ಎರಡೂ ರೆಕ್ಕೆಗಳನ್ನು ಬೆನ್ನಿನ ಮೇಲೆ ತಿರುಚಿ ಹೆಣೆದಿದ್ದ. ಜೀವವಿದ್ದವು ಎದೆಯ ಮೇಲೆ ತೆವಳಿದವು. ಇಂದು ಎಣಿಸಿದಳು. ಹತ್ತೊಂಬತ್ತು.

"ಎಷ್ಟು ದಿನದಿಂದ ಹಾಕ್ತಿದೀಯ ಬಲೆ?"

"ಇವತ್ತೇ ಮೇಡಂ. ಇವತ್ತೊಂದಿನ."

ಸುಳ್ಳು ಎಂದು ಅವನ ಮುಖದಲ್ಲೇ ಇತ್ತು. ಅವಳ ಲಾಠಿಯ ಮೊದಲ ಏಟು ಅವನ ತೊಡೆಗೆ ಬಿತ್ತು. ಎರಡನೆಯದು ಬೆನ್ನಿಗೆ. ಅವನು ಏಳಲು ಹೋದ, ಅವಳು ಕಾಲಿನಿಂದ ಒದ್ದು ಕೆಡವಿದಳು. ಆಮೇಲೆ ಅವಳು ಎಣಿಸಲಿಲ್ಲ. ಲಾಠಿ ಮೇಲೇರುತ್ತಿತ್ತು, ಇಳಿಯುತ್ತಿತ್ತು. ಅವನು ಮುಖ ಮುಚ್ಚಿಕೊಂಡು ಬಲಗೈ ಅಡ್ಡ ಹಿಡಿದ. ಆ ಕೈಗೇ ಹೊಡೆದಳು. ಒಣ ಸೌದೆ ಮುರಿದ ಸದ್ದು ಬಂತು. ಸದ್ದು ಕೇಳಿದ ಮೇಲೂ ಎರಡು ಸಲ ಹೊಡೆದಳು.

"ಸಾಕು ಕಣವ್ವ," ಎಂದ ಉಗ್ರಪ್ಪ. ಕೂಗಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದ. "ಸಾಕು, ಬುಡವ್ವ."

ಅವಳ ಕೈ ನಿಂತಿತು. ಅವನ ಮುಂಗೈ ಬಾಗಬಾರದ ಕಡೆ ಬಾಗಿತ್ತು. ಎರಡು ಬೆರಳುಗಳ ಉಗುರು ಕಿತ್ತು ರಕ್ತ ಎಲೆಗಳ ಮೇಲೆ ಸುರಿಯುತ್ತಿತ್ತು. ಅವನ ಪಕ್ಕದಲ್ಲಿ ರೆಕ್ಕೆ ಹೆಣೆದ ಒಂದು ಬೆಳವ ಕೂತು ಕಣ್ಣು ಮಿಟುಕಿಸುತ್ತಿತ್ತು.

ಇಂದು ಬದುಕಿದ್ದ ಹನ್ನೊಂದು ಹಕ್ಕಿಗಳ ರೆಕ್ಕೆ ಬಿಡಿಸಿದಳು. ನಾಲ್ಕು ಮಾತ್ರ ಹಾರಿದವು. ಉಳಿದವನ್ನು ನೀರಿನ ಪಕ್ಕ ನೆರಳಿಗೆ ಬಿಟ್ಟಳು. ಆಮೇಲೆ ತನ್ನ ಟವೆಲ್ ಹರಿದು ಅವನ ಕೈಗೆ ಕಟ್ಟಿ, ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು. ದಾರಿಯಲ್ಲಿ ಒಮ್ಮೆ ಅವನ ಹಣೆ ಅವಳ ಬೆನ್ನಿಗೆ ಬಂದು ಒರಗಿತು. ಜ್ಞಾನ ತಪ್ಪಿತೇ ಎಂದು ಬೈಕು ನಿಲ್ಲಿಸಿದಳು.

"ಇದೀನಿ ಮೇಡಂ, ಓಡ್ಸಿ," ಎಂದ ಅವನು.

ಡಾಕ್ಟರು ಏನಾಯಿತು ಎಂದು ಕೇಳಿದಾಗ ಉಗ್ರಪ್ಪ ಮರದಿಂದ ಬಿದ್ದೆ ಎಂದ. ಇಂದು ಪಕ್ಕದಲ್ಲೇ ನಿಂತಿದ್ದಳು.

ಅವಳ ಮೇಲಿನವರು ಫಾರೆಸ್ಟರ್ ಉಮಾಶಂಕರ್. ಮೂವತ್ತು ವರ್ಷ ಸರ್ವೀಸಿನಲ್ಲಿ ಯಾರ ಮೇಲೂ ಕೈ ಎತ್ತದ ಮನುಷ್ಯ. ಅವರು ಕೇಸಿನ ಕಾಗದ ಬರೆಯುತ್ತ ತಲೆ ಎತ್ತದೆ ಹೇಳಿದರು. "ಮರದಿಂದ ಬಿದ್ದ ಅಂತ ಬರೀತೀನಿ. ಅವನೂ ಹಂಗೇ ಹೇಳ್ತಿದಾನೆ. ನೀನು ಸುಮ್ನಿರು ಇಂದು."

ಅವಳು ಸುಮ್ಮನಿದ್ದಳು.

ನಾಲ್ಕನೆಯ ದಿನ ಉಗ್ರಪ್ಪನ ಹೆಂಡತಿ ದೇವೀರಮ್ಮ ಹಾರನಹಳ್ಳಿಯಿಂದ ಟೆಂಪೋ ಹತ್ತಿ ಇಂದುವಿನ ಕ್ವಾರ್ಟರ್ಸಿಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಒಳಗೆ ಬನ್ನಿ ಎಂದರೂ ಬರದೆ ಬಾಗಿಲ ಮೆಟ್ಟಿಲ ಮೇಲೆ ಕೂತಳು.

"ಅಂಗಿ ಗುಂಡಿ ನಾನೇ ಹಾಕ್ತೀನಿ ಈಗ," ಎಂದಳು. "ನಾಚ್ಕೊಂತದೆ ಆ ಮನ್ಸ."

"ಅವರು ಹತ್ತೊಂಬತ್ತು ಹಕ್ಕಿ ಹಿಡಿದಿದ್ರು ಅಮ್ಮ."

"ಹಿಡ್ದವ್ನೆ. ನಾನೇನ್ ಇಲ್ಲ ಅಂದ್ನಾ? ಯಾರಿಗೆ ಹಿಡೀತಿದ್ದ ಅಂತ ನೀವು ಕೇಳಿದ್ರಾ?"

ಕೇಳಿರಲಿಲ್ಲ ಎಂಬುದು ಇಂದುವಿಗೆ ಆಗಲೇ ಹೊಳೆದದ್ದು. ಹೊಡೆಯುವಾಗ ಅವಳಿಗೆ ಯಾವ ಉತ್ತರವೂ ಬೇಕಿರಲಿಲ್ಲ.

ದೇವೀರಮ್ಮ ಹೇಳಿದಳು. ಕಣಕಟ್ಟೆ ಕಡೆ ಮಹಾಂತೇಶ್ ಎಂಬವನ ತೋಟ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಮನೆಯಲ್ಲಿ ತಾಯಿ ಬಸಮ್ಮ ಮಠಕ್ಕೆ ನಡೆದುಕೊಳ್ಳುವವರು, ಅಲ್ಲಿ ಮೊಟ್ಟೆಯೂ ಸೇರುವುದಿಲ್ಲ. ಅದಕ್ಕೇ ತೋಟದ ಮನೆ. ಭಾನುವಾರ ಸ್ನೇಹಿತರು ಸೇರಿದರೆ ಹಸಿರು ಬೆಳವವೇ ಆಗಬೇಕು, ಕೋಳಿ ಬೇಡ.

"ಒಂದ್ ವಾರ ಆಗಲ್ಲ ಅಂದಿದ್ಕೆ ನಮ್ಮನೇರ್ನ ತೆಂಗಿನ ಮರಕ್ಕೆ ಕಟ್ಟಿ ಹೊಡ್ಸಿದ್ದ," ಎಂದಳು ದೇವೀರಮ್ಮ. "ಬೆನ್ನು ತೋರ್ಸು ಅಂದ್ರೆ ತೋರ್ಸ್ತಾನೆ. ನೀವು ಹೊಡ್ದ ಗಾಯದ ಕೆಳ್ಗೆ ಅವ್ನ ಗಾಯ ಐತೆ." ಆಮೇಲೆ ಕೇಳಿದಳು, "ಆ ಮಹಾಂತೇಶ ಚೀಲ ಹಿಡ್ಕೊಂಡು ಬಂದಿದ್ರೆ ಹಂಗೆ ಹೊಡೀತಿದ್ರಾ ಮೇಡಂ ನೀವು?"

ದೇವೀರಮ್ಮ ಸೆರಗು ಕೊಡವಿಕೊಂಡು ಎದ್ದು ಹೋದಳು.

ಭಾನುವಾರ ಮಧ್ಯಾಹ್ನ ಉಮಾಶಂಕರ್, ಇಂದು, ಜೀಪಿನ ಡ್ರೈವರ್ ರವಿಕುಮಾರ್ ಆ ತೋಟಕ್ಕೆ ಹೋದರು. ದೇವೀರಮ್ಮ ಹೇಳಿದ್ದರ ಮೇಲೆ ಪಡೆದ ಸರ್ಚ್ ವಾರಂಟ್ ಉಮಾಶಂಕರ್ ಕಿಸೆಯಲ್ಲಿತ್ತು. ಹಿತ್ತಲಲ್ಲಿ ಕಬ್ಬಿಣದ ಪಂಜರ, ಒಳಗೆ ಇನ್ಯಾರೋ ಹಿಡಿದು ತಂದ ಬೆಳವಗಳು, ಒಂದರ ಮೇಲೊಂದು. ಪಕ್ಕದಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಆಳೊಬ್ಬ ಹಕ್ಕಿಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಮುರಿದು, ನೀರಿಗೆ ಅದ್ದಿ, ಪುಕ್ಕ ಕೀಳುತ್ತಿದ್ದ. ಹಸಿರು ಗರಿಗಳು ಒದ್ದೆಯಾಗಿ ಅವನ ಮೊಣಕೈವರೆಗೆ ಅಂಟಿದ್ದವು. ಅವನು ಅಷ್ಟೇನೂ ಗಮನ ಕೊಡದೆ ಕೆಲಸ ಮಾಡುತ್ತಿದ್ದ. ಒಂದು ಹಕ್ಕಿ ನೀರಿಗೆ ಬಿದ್ದ ಮೇಲೂ ಒದ್ದಾಡಿತು.

ಮಹಾಂತೇಶ್ ಜಗಲಿಯಿಂದ ಇಳಿದು ಬಂದ. ನಲವತ್ತರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. "ಬನ್ನಿ ಸಾರ್, ಊಟದ ಹೊತ್ತಿಗೇ ಬಂದಿದೀರ. ಮೇಡಂ, ಕೂತ್ಕೊಳಿ."

ಇಂದು ಪಂಜರಕ್ಕೆ ಕೈ ಹಾಕಿದಳು. ಮಹಾಂತೇಶ್ ಅವಳ ರಟ್ಟೆ ಹಿಡಿದ. ಅವಳು ಕೊಡವಿ ನೂಕಿದಳು. ಅವನು ಹಿಂದಕ್ಕೆ ತೂರಾಡಿ ಒಲೆಯ ಪಕ್ಕ ಬಿದ್ದ. ಕುದಿಯುವ ನೀರು ತುಳುಕಿ ಅವನ ಕಾಲಿನ ಮೇಲೆ ಚೆಲ್ಲಿತು. ಅವನು ಕಿರುಚಿದ.

ಲಾಠಿ ಇಂದುವಿನ ಕೈಯಲ್ಲಿತ್ತು. ಅವನು ಅವಳ ಕಾಲ ಬುಡದಲ್ಲಿ, ಉಗ್ರಪ್ಪ ಬಿದ್ದಿದ್ದ ಹಾಗೇ ಬಿದ್ದಿದ್ದ. ಅವಳ ಕೈ ಮೇಲೇಳಲಿಲ್ಲ. ಅದು ಕರುಣೆ ಅಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಅವನ ಅಂಗಿ, ಕೈಗಡಿಯಾರ, ಜಗಲಿಯ ಮೇಲೆ ನಿಂತಿದ್ದ ಅವನ ಸ್ನೇಹಿತರು, ನಾಳೆ ಬರಬಹುದಾದ ಫೋನುಗಳು, ಎಲ್ಲ ಒಟ್ಟಿಗೆ ಆ ಕೈಯನ್ನು ಹಿಡಿದಿದ್ದವು. ಹಳ್ಳದಲ್ಲಿ ಯಾವುದೂ ಹಿಡಿದಿರಲಿಲ್ಲ.

ಆ ತಡವರಿಕೆಯನ್ನು ಮಹಾಂತೇಶ್ ನೋಡಿದ. ಪಕ್ಕದಲ್ಲಿದ್ದ ಗುದ್ದಲಿಯ ಮರದ ಕಾವು ಎಳೆದುಕೊಂಡು ಎದ್ದು ಅವಳ ಮುಖಕ್ಕೆ ಬೀಸಿದ. ಇಂದುವಿಗೆ ನೋವು ತಿಳಿಯುವ ಮೊದಲು ಬಾಯಿತುಂಬ ಬಿಸಿ ರಕ್ತ ತಿಳಿಯಿತು. ಅವಳು ಮಂಡಿಯೂರಿದಳು. ಎರಡು ಹಲ್ಲು ಅಂಗಳದ ಮಣ್ಣಿಗೆ ಬಿದ್ದವು. ಎರಡನೆಯ ಏಟು ಭುಜಕ್ಕೆ ಬಿತ್ತು. ಮೂರನೆಯದು ತಲೆಗೆ ಬರುತ್ತಿತ್ತು. ಉಮಾಶಂಕರ್ ನಡುವೆ ನುಗ್ಗಿ ಅದನ್ನು ಮೊಣಕೈಗೆ ತೆಗೆದುಕೊಂಡರು. ಮೂಳೆ ಮುರಿದರೂ ಅವರು ಅವನ ಸೊಂಟ ಬಿಡಲಿಲ್ಲ. ಇಬ್ಬರೂ ಉರುಳಿ ಪಂಜರದ ಮೇಲೆ ಬಿದ್ದರು. ಬಾಗಿಲು ಕಿತ್ತು ಬಂತು. ಬೆಳವಗಳು ಅವರ ಮೈಮೇಲಿಂದ, ಅಂಗಳದ ಕೆಳಮಟ್ಟದಲ್ಲಿ ನುಗ್ಗಿ ಹೋದವು. ಮೂರು ಹಕ್ಕಿ ಎದುರಿನ ಸುಣ್ಣದ ಗೋಡೆಗೆ ಬಡಿದು ಅಲ್ಲೇ ಸತ್ತವು.

ರವಿಕುಮಾರ್ ಜೀಪಿನ ಪಕ್ಕ ನಿಂತು ಮೊದಲಿನಿಂದಲೂ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಬೇಕಾದದ್ದೆಲ್ಲ ಅದರಲ್ಲಿತ್ತು. ಆ ವಿಡಿಯೋದಿಂದಲೇ ಮಹಾಂತೇಶ್ ಜೈಲಿಗೆ ಹೋದ, ಹನ್ನೆರಡು ದಿನಕ್ಕೆ ಜಾಮೀನಿನ ಮೇಲೆ ಹೊರಗೂ ಬಂದ.

ಇಂದುವಿನ ದವಡೆಗೆ ತಂತಿ ಕಟ್ಟಿದರು. ಆರು ವಾರ ಅವಳು ಅಪ್ಪನ ಮನೆಯಲ್ಲಿ ಗಂಜಿ ಹೀರುತ್ತ ಮಲಗಿದ್ದಳು. ಭಾನುವಾರ ಮನೆಯವರು ಪಂಚಶೀಲ ಹೇಳುವಾಗ ಅವಳಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಆಗಿದ್ದರೂ ಮೊದಲ ಸಾಲು ಹೇಳುವುದು ಕಷ್ಟವಾಗುತ್ತಿತ್ತು. ಒಂದು ದಿನ ಅವಳು ಕಾಗದದ ಮೇಲೆ ಬರೆದು ಅಪ್ಪನಿಗೆ ಕೊಟ್ಟಳು. "ಉಗ್ರಪ್ಪನ ಕೈ ಮುರಿದದ್ದು ನಾನು." ಅಪ್ಪ ಓದಿ, ಕನ್ನಡಕ ತೆಗೆದು, ಕಾಗದ ಮಡಚಿಟ್ಟ.

"ಯಾರಿಗೆ ಹೇಳ್ಬೇಕೋ ಅವರಿಗೆ ಹೇಳು," ಎಂದ.

ಒಂದೂವರೆ ವರ್ಷದ ಮೇಲೆ ಅರಸೀಕೆರೆ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಬಂತು. ಮಹಾಂತೇಶನ ವಕೀಲರು ಉಗ್ರಪ್ಪನ ಆಸ್ಪತ್ರೆ ಕಾಗದ ತರಿಸಿದ್ದರು. ಗಾರ್ಡು ಹೊಡೆದು ಬಡಿದು ಸುಳ್ಳೇ ಮಹಾಂತೇಶನ ಹೆಸರು ಹೇಳಿಸಿದಳು ಎಂಬುದು ಅವರ ವಾದ.

"ಒಪ್ಕೊಂಡ್ರೆ ನಿನ್ನ ಕೆಲಸ ಹೋಗ್ತದೆ, ನಿನ್ನ ಮೇಲೆ ಕೇಸೂ ಬೀಳ್ತದೆ," ಎಂದು ಉಮಾಶಂಕರ್ ಕೋರ್ಟಿನ ಮೆಟ್ಟಿಲ ಮೇಲೆ ಹೇಳಿದರು. ಅವರ ಮೊಣಕೈ ಇನ್ನೂ ನೆಟ್ಟಗಾಗುತ್ತಿರಲಿಲ್ಲ. "ಬರೆದದ್ದು ನಾನು. ನಾನೂ ಸಿಕ್ಕಿಹಾಕ್ಕೋತೀನಿ."

"ಗೊತ್ತು ಸಾರ್."

"ಆಯ್ತು, ಹೇಳು," ಎಂದರು ಅವರು.

ವಕೀಲರು ಕೇಳಿದ ಮೊದಲ ಪ್ರಶ್ನೆಗೇ ಇಂದು ಹೇಳಿಬಿಟ್ಟಳು. "ಅವರು ಮರದಿಂದ ಬೀಳಲಿಲ್ಲ. ನಾನು ಹೊಡೆದೆ. ಅವರು ಸಾಕು ಅನ್ನೋವರೆಗೂ ಹೊಡೆದೆ. ಹೆಸರು ಮಾತ್ರ ನಾನು ಕೇಳಲೇ ಇಲ್ಲ." ದವಡೆ ಸರಿಯಾಗಿ ಕೂಡಿರಲಿಲ್ಲ, ಮಾತು ತೊದಲುತ್ತಿತ್ತು. ನ್ಯಾಯಾಧೀಶರು ಇನ್ನೊಮ್ಮೆ ಹೇಳಿಸಿ ಬರೆಸಿಕೊಂಡರು.

ಮಧ್ಯಾಹ್ನ ಉಗ್ರಪ್ಪನನ್ನು ಕರೆದರು. ಬಲಗೈ ಮಡಚಿಕೊಂಡೇ ಕಟಕಟೆ ಹತ್ತಿದ. "ಮೇಡಂ ಹೊಡುದ್ರು, ಅದು ದಿಟ," ಎಂದ. "ಈ ಸಾಹುಕಾರ್ರೂ ಕಟ್ಟಾಕಿ ಹೊಡ್ಸವ್ರೆ, ಅದೂ ದಿಟ. ಹಕ್ಕಿ ಹಿಡ್ದು ಅವ್ರಿಗೇ ಕೊಡ್ತಿದ್ದೆ. ಯಾರೂ ಹೇಳ್ಕೊಟ್ಟಿಲ್ಲ ಸ್ವಾಮಿ."

ಮಹಾಂತೇಶನಿಗೆ ಮೂರು ವರ್ಷ ಶಿಕ್ಷೆಯಾಯಿತು. ಅಪೀಲು ಹಾಕಿ ಹೊರಗಿದ್ದಾನೆ. ಉಗ್ರಪ್ಪನಿಗೆ ದಂಡ ಮಾತ್ರ ಹಾಕಿದರು. ಇಂದುವಿನ ಮೇಲೆ ಬೇರೆ ಕೇಸು ನಡೆಯುತ್ತಿದೆ. ಸಸ್ಪೆಂಡ್ ಆಗಿ ಮನೆಯಲ್ಲಿದ್ದಾಳೆ. ಉಮಾಶಂಕರ್ ಅವರಿಗೆ ಬಡ್ತಿ ತಪ್ಪಿತು. ಹಳ್ಳದಲ್ಲಿ ಈಗ ಯಾರ ಗಸ್ತು ಎಂದು ಅವಳಿಗೆ ತಿಳಿಯದು.

ಸಾಕ್ಷಿ ಹೇಳಿದ ದಿನ ಸಂಜೆ ಉಗ್ರಪ್ಪ, ದೇವೀರಮ್ಮ ಬಸ್ ಸ್ಟ್ಯಾಂಡಿನಲ್ಲಿ ಹಾರನಹಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಇಂದು ಹೋಗಿ ಅವರ ಮುಂದೆ ನಿಂತಳು.

"ತಪ್ಪಾಯ್ತು ಉಗ್ರಪ್ಪನವರೆ."

ಅವನು ಅವಳನ್ನು ನೋಡದೆ ಎದುರಿನ ಬಸ್ಸಿನ ಬೋರ್ಡು ನೋಡಿದ. "ಆಗೈತೆ," ಎಂದ. "ಮಳೆಗಾಲ್ದಲ್ಲಿ ಕೈ ಸೇದ್ತದೆ. ಆಗ ನಿಮ್ಮ ಮುಕ ಕಣ್ಮುಂದೆ ಬತ್ತದೆ. ಓಗು ಅಂದ್ರೆ ಓಗಲ್ಲ. ನಾನೇನ್ ಮಾಡ್ಲಿ?"

"ಕ್ಷಮಿಸಿ ಅಂತ ಕೇಳಕ್ಕೆ ಬಂದಿಲ್ಲ."

"ಕೇಳ್ಬೇಡಿ."

ದೇವೀರಮ್ಮ ಇಂದುವಿನ ಮುಖವನ್ನು, ಸೊಟ್ಟಗಾದ ಕೆನ್ನೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ರೊಟ್ಟಿ ಅಗಿಯಕ್ಕಾಯ್ತದಾ?"

"ಇಲ್ಲ."

"ಮುದ್ದೆ ಉಣ್ಣಿ. ನುಂಗೋದಲ್ವಾ, ಹಲ್ಲು ಬೇಡ ಅದ್ಕೆ."

ಬಸ್ಸು ಬಂತು. ಉಗ್ರಪ್ಪ ಎಡಗೈಯಲ್ಲಿ ಕಂಬಿ ಹಿಡಿದು ಮೊದಲು ಹತ್ತಿದ. ದೇವೀರಮ್ಮ ಅವನ ಸೊಂಟಕ್ಕೆ ಕೈ ಕೊಟ್ಟು ಹಿಂದೆ ಹತ್ತಿದಳು. ಇಂದು ಬಸ್ಸು ಹೊರಡುವವರೆಗೂ ಅಲ್ಲೇ ನಿಂತಿದ್ದು, ರೈಲ್ವೆ ಗೇಟಿನ ಆಚೆಗಿನ ಅಪ್ಪನ ಮನೆಯ ಕಡೆ ನಡೆದಳು.