ಕಿಟಕಿ ಕಡೆಯ ಕಿವಿ

ಎರ್ನಾಕುಳಂ ಜೆಟ್ಟಿಯಿಂದ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಬೆಳಿಗ್ಗೆ ಬೋಟು ಹಿಡಿಯುವವರಿಗೆಲ್ಲ ಆ ಜೋಡಿ ಗೊತ್ತು. ಒಬ್ಬರು ಕೃಷ್ಣಾನಂದ, ಮೈಸೂರಿನವರು, ಐವತ್ನಾಲ್ಕು ವಯಸ್ಸು, ಕಸ್ಟಮ್ಸ್‌ನಲ್ಲಿ ಸೂಪರಿಂಟೆಂಡೆಂಟು. ಇನ್ನೊಬ್ಬಳು ಕೃಪಾ, ಕಾಸರಗೋಡಿನವಳು, ಇಪ್ಪತ್ತಾರು, ಶಿಪ್ಪಿಂಗ್ ಏಜೆಂಟರೊಬ್ಬರ ಆಫೀಸಿನಲ್ಲಿ ಕೆಲಸ. ಇಬ್ಬರ ನಡುವೆ ಒಂದೇ ಇಯರ್‌ಫೋನು, ಅದೂ ಹಳೇ ಕಾಲದ ವೈರಿನದು. ಅವಳ ಕಿವಿಗೊಂದು, ಇವರ ಕಿವಿಗೊಂದು.

ಶುರುವಾಗಿದ್ದು ಹೋದ ವರ್ಷ. ಪಕ್ಕದಲ್ಲಿ ಕೂತ ಹುಡುಗಿಯ ಕಿವಿಯಿಂದ ಗರಗರ ಸೋರುತ್ತಿದ್ದುದನ್ನು ಕೇಳಿ ಕೃಷ್ಣಾನಂದರು, "ಏನಮ್ಮಾ, ಗ್ರೈಂಡರ್ ರಿಪೇರಿಗೆ ಬಂದಿದೆಯಾ?" ಅಂದಿದ್ದರು.

"ಗ್ರೈಂಡರ್ ಅಲ್ಲ ಸಾರ್, ಆಲ್ಬಂ. ಕೇಳ್ತೀರಾ?"

ತಮಾಷೆಗೆಂದು ಕಿವಿಗೆ ಇಟ್ಟುಕೊಂಡವರು ತಮ್ಮ ಜೆಟ್ಟಿ ಬಂದದ್ದನ್ನೂ ಮರೆತು ಫೋರ್ಟ್ ಕೊಚ್ಚಿಯ ತನಕ ಹೋಗಿಬಿಟ್ಟರು. ಅವತ್ತಿನಿಂದ ಸಾರ್ ಹೋಗಿ ಕೃಷ್ಣಣ್ಣ ಆದರು.

ಆಮೇಲೆ ಅವರಿಬ್ಬರೂ ಕೇಳಿದ್ದೇನು ಕಡಿಮೆಯೇ! ಬರೀ ಸೀಲಿಂಗ್ ಫ್ಯಾನುಗಳ ಸದ್ದಿನಿಂದ ಮಾಡಿದ ಆಲ್ಬಂ, ಹಾರ್ಮೋನಿಯಮ್ಮನ್ನು ಗಿಟಾರಿನ ಆಂಪ್ಲಿಫೈಯರಿಗೆ ಸಿಕ್ಕಿಸಿ ಕಿರುಚಿಸುವ ಧಾರವಾಡದ ಹುಡುಗರು, ಲಿಫ್ಟಿನೊಳಗೇ ನಿಂತು ಇಡೀ ಆಲ್ಬಂ ಹಾಡಿದ ಒಬ್ಬ ಪುಣ್ಯಾತ್ಮ. ಕೊಚ್ಚಿ ಮತ್ತು ತಿರುವನಂತಪುರದ ನಲವತ್ತು ಕನ್ನಡಿಗರ ಒಂದು ವಾಟ್ಸಾಪ್ ಗುಂಪಿತ್ತು, 'ಕಿವಿಗೊಡಿ' ಅಂತ. ಬ್ಯಾಂಕಿನವರು, ಆಫೀಸಿನವರು, ಕಾಲೇಜು ಮಕ್ಕಳು ಎಲ್ಲ ಸೇರಿದ್ದು. ಪ್ರತಿ ಶನಿವಾರ ಅದರಲ್ಲಿ ಈ ಇಬ್ಬರ ತೀರ್ಪು ಧ್ವನಿ ಸಂದೇಶವಾಗಿ ಬರುತ್ತಿತ್ತು. ಕೃಷ್ಣಾನಂದರದು ಕಸ್ಟಮ್ಸ್ ಭಾಷೆ. ಮೆಚ್ಚಿದರೆ 'ಪಾಸ್', ಇಲ್ಲದಿದ್ದರೆ 'ಮಾಲು ತಡೆಹಿಡಿಯಿರಿ'. ಕೃಪಾ ಹೆಚ್ಚುಕಮ್ಮಿ ಯಾವಾಗಲೂ ಉಲ್ಟಾ. ಪಾಲಾರಿವಟ್ಟಂನ ಬ್ಯಾಂಕಿನ ಗಣಪತಿಯಂತೂ ಶನಿವಾರ ಮಧ್ಯಾಹ್ನದ ಊಟಕ್ಕೆ ಉಪ್ಪಿನಕಾಯಿ ಬೇಡ, ಇವರ ಜಗಳ ಸಾಕು ಅನ್ನುತ್ತಿದ್ದ.

ಜಗಳಕ್ಕೊಂದು ಕಟ್ಟುಪಾಡಿತ್ತು. ಬೋಟಿನಲ್ಲೇ ಕೇಳಬೇಕು, ಒಟ್ಟಿಗೇ ಕೇಳಬೇಕು. ಒಬ್ಬೊಬ್ಬರೇ ಮನೆಯಲ್ಲಿ ಕೇಳಿಬಂದರೆ ಮೋಸ.

ಹೀಗಿರುವಾಗ ತಿರುವನಂತಪುರದ ಪಟ್ಟಂನಲ್ಲಿರುವ ಹೃಷಿಕೇಶ್, ಕೃಪಾಳ ಕಾಲೇಜಿನ ಗೆಳೆಯ, ಇನ್ನೂ ಬಿಡುಗಡೆಯಾಗದ ತನ್ನ ಆಲ್ಬಮ್ಮನ್ನು ಅವಳ ಫೋನಿಗೆ ಕಳಿಸಿದ. ಮೂರು ದಿನ ಬೋಟಿನಲ್ಲಿ ಕೇಳಿದರು. ಶನಿವಾರ ಕೃಷ್ಣಾನಂದರು ಹೇಳಿದ್ದು ಇಷ್ಟು: "ಬಸ್ಸು, ಆಟೋ, ಹಾರ್ನು. ಹುಡುಗನ ಕಿವಿ ಚೆನ್ನಾಗಿದೆ, ಒಪ್ಪೋಣ. ಆದರೆ ನಲವತ್ತು ನಿಮಿಷದಲ್ಲಿ ಒಂದೇ ಒಂದು ಮನುಷ್ಯರ ದನಿ ಇಲ್ಲ. ಯಾರೂ ಇಲ್ಲದ ಊರು ಇದು. ಮಾಲು ತಡೆಹಿಡಿಯಿರಿ."

ಐದೇ ನಿಮಿಷಕ್ಕೆ ಕೃಪಾ ಹಾರಿಬಿದ್ದಳು. "ಎಂತ ಮಾರಾಯ್ರೆ! ಮೊದಲಿಂದ ಕೊನೆವರೆಗೆ ಒಬ್ಬರು ಹೆಂಗಸು ಹಾಡ್ತಾ ಇದ್ದಾರೆ. ಎಷ್ಟು ಮೆಲ್ಲಗೆ, ಎಷ್ಟು ಚಂದ! ಕೃಷ್ಣಣ್ಣ, ನಿಮಗೆ ಕಿವಿ ಕೇಳುದಿಲ್ಲವಾ?"

ಗುಂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿದವು. ಕೃಷ್ಣಾನಂದರು ಮಾತ್ರ ನಗಲಿಲ್ಲ. ಅವರ ಅಪ್ಪನಿಗೆ ಐವತ್ತೈದಕ್ಕೇ ಕಿವಿ ಮಂದವಾಗಿತ್ತು. ಮೊದಲು ಹೋಗಿದ್ದೇ ಹೆಂಗಸರ ಮೆಲುದನಿ. ಅಮ್ಮ ಎದುರಿಗೇ ನಿಂತು ಮಾತಾಡಿದರೂ ಅಪ್ಪ "ಯಾಕೆ ಸುಮ್ಮನಿದ್ದೀಯ?" ಎಂದು ಕೇಳುತ್ತಿದ್ದದ್ದು ಇವರಿಗೆ ಇನ್ನೂ ನೆನಪಿತ್ತು.

ಅವತ್ತು ಸಂಜೆ ಹೆಂಡತಿ ಸುಮಿತ್ರಳನ್ನು ಅಡುಗೆಮನೆಗೆ ಕಳಿಸಿದರು. "ಅಲ್ಲಿಂದ ಪಿಸುಗುಟ್ಟಿ ಏನಾದರೂ ಹೇಳು."

"ಏನಂತ ಹೇಳ್ಲಿ?"

"ಏನಾದರೂ. ನನಗೆ ಕೇಳಿಸುತ್ತಾ ನೋಡಬೇಕು."

ಒಂದು ನಿಮಿಷವಾಯಿತು. ಏನೂ ಇಲ್ಲ. "ಸುಮಿ, ಹೇಳಿದ್ಯಾ?"

"ಇಲ್ಲಾರೀ, ಏನು ಹೇಳೋದು ಅಂತ ಯೋಚನೆ ಮಾಡ್ತಿದ್ದೀನಿ!"

ಅಷ್ಟರಲ್ಲಿ ಕುಕ್ಕರ್ ಕೂಗಿತು, ಪರೀಕ್ಷೆ ಕೆಟ್ಟಿತು. ಕುಕ್ಕರ್ ಕೇಳಿಸಿದ್ದರಲ್ಲಿ ಏನು ಹೆಚ್ಚುಗಾರಿಕೆ? ಅದು ಪಕ್ಕದ ಬೀದಿಗೂ ಕೇಳಿಸುತ್ತದೆ. ಆಲ್ಬಮ್ಮನ್ನೇ ಇನ್ನೊಮ್ಮೆ ಕೇಳೋಣವೆಂದರೆ ಅದಿರುವುದು ಕೃಪಾಳ ಫೋನಿನಲ್ಲಿ. ಕೇಳಿದರೆ ಸೋಲೊಪ್ಪಿದ ಹಾಗೆ. ಕೇಳಿಯೂ ಆ ಹೆಂಗಸು ಕೇಳಿಸದಿದ್ದರೆ? ಸೋಮವಾರದಿಂದ ಅವರು ಮುಂದಿನ ಬೋಟು ಹಿಡಿಯತೊಡಗಿದರು.

ಹೃಷಿಕೇಶನಿಗೆ ಇದೊಂದೂ ಗೊತ್ತಿಲ್ಲ. ಯಾರೋ ಕಳಿಸಿದ ಎರಡೂ ಸಂದೇಶ ಕೇಳಿ ಬಿದ್ದುಬಿದ್ದು ನಕ್ಕು, ಇಬ್ಬರಿಗೂ ಫೋನು ಮಾಡಿದ. ಭಾನುವಾರ ಮನೆಯ ಹಾಲ್‌ನಲ್ಲಿ ಹದಿನೈದು ಜನಕ್ಕೆ ಆಲ್ಬಂ ಕೇಳಿಸುತ್ತಾನಂತೆ, ಮುಗಿದ ಮೇಲೆ ಇಬ್ಬರೂ ಇದೇ ಜಗಳವನ್ನು ಎದುರುಬದುರು ಕೂತು ಆಡಬೇಕಂತೆ. ಒಲ್ಲೆ ಅನ್ನಲು ಕೃಷ್ಣಾನಂದರಿಗೆ ಕಾರಣ ಸಿಗಲಿಲ್ಲ. ಇದ್ದ ಕಾರಣ ಹೇಳುವಂಥದ್ದಲ್ಲ.

ಇಬ್ಬರೂ ಒಂದೇ ರೈಲಿನಲ್ಲಿ ಹೋದರು, ಬೇರೆ ಬೇರೆ ಬೋಗಿಯಲ್ಲಿ. ಕೊಲ್ಲಂ ದಾಟುವಷ್ಟರಲ್ಲಿ ಕೃಷ್ಣಾನಂದರು ಒಂದು ಪುಟ ಬರೆದು ಮುಗಿಸಿದ್ದರು. ಹೆಂಗಸು ಹಾಡಿದ್ದರೂ ಸೈ, ಹಾಡದಿದ್ದರೂ ಸೈ, ಎಲ್ಲೂ ಸಿಕ್ಕಿಬೀಳದಂಥ ಪುಟ. ಇದೇ ಕೊನೆಯ ಭಾಷಣ, ನಾಳೆಯೇ ಗುಂಪು ಬಿಡುವುದು ಎಂದೂ ತೀರ್ಮಾನಿಸಿದ್ದರು.

ಪಟ್ಟಂನ ಆ ಮನೆ ರಸ್ತೆಗೇ ಅಂಟಿಕೊಂಡಿತ್ತು. ಬಾಗಿಲಲ್ಲೇ ಹೃಷಿಕೇಶನ ಅಮ್ಮ ವಾಸಂತಿ ಸಿಕ್ಕರು. ತುಮಕೂರಿನವರು, ಗಂಡನ ಬ್ಯಾಂಕ್ ಕೆಲಸದ ಜತೆ ಬಂದು ಇಲ್ಲೇ ಮೂವತ್ತು ವರ್ಷ. ಮಗ ಕನ್ನಡದಲ್ಲಿ ಬೈಸಿಕೊಂಡು ಮಲಯಾಳಂನಲ್ಲಿ ಉತ್ತರ ಕೊಡುವವನು. ಹಾಗಾಗಿ ಕನ್ನಡದವರು ಬಂದರೆ ಆಕೆಗೆ ಹಬ್ಬ.

"ಬನ್ನಿ ಬನ್ನಿ. ನೀವೇನಾ ನಾನು ಇಲ್ಲವೇ ಇಲ್ಲ ಅಂದವರು?"

"ನೀವು... ಏನಮ್ಮಾ?"

"ಹಾಡಿದ್ದು ನಾನೇರೀ! ಹಾಡಿದ್ದೇನು ಬಂತು, ಸೊಪ್ಪು ಬಿಡಿಸ್ತಾ ಗುನುಗಿದ್ದು. ಈ ಕಳ್ಳ ಮೈಕ್ ಇಟ್ಟು ಹಿಡಿದುಬಿಟ್ಟ."

ಕೃಷ್ಣಾನಂದರ ಜೇಬಿನ ಪುಟ ಅಲ್ಲೇ ಸತ್ತುಹೋಯಿತು. ಹಾಗಾದರೆ ಹೆಂಗಸು ಇದ್ದದ್ದು ನಿಜ. ಕೇಳಿಸದಿದ್ದದ್ದೂ ನಿಜ.

ಹಾಲ್‌ನಲ್ಲಿ ಎರಡು ಮೂಲೆಗೆ ಎರಡು ದೊಡ್ಡ ಸ್ಪೀಕರು. ಎಲ್ಲರೂ ಚಾಪೆಯ ಮೇಲೆ ಕೂತರು. ಮೊದಲ ಸಾಲಿನಲ್ಲಿ ನಡುವೆ ಉಳಿದಿದ್ದು ಎರಡೇ ಜಾಗ, ಕೃಪಾ ಪಕ್ಕದಲ್ಲೇ ಬಂದು ಕೂತಳು. ಕೃಷ್ಣಾನಂದರು ಕಣ್ಣು ಮುಚ್ಚಿದರು.

ಬಲಗಡೆಯಿಂದ ಬಸ್ಸು ಬಂತು. ಗೊತ್ತಿದ್ದ ಬಸ್ಸೇ. ಆಮೇಲೆ ಆಟೋ. ಆಮೇಲೆ, ಎಡಗಡೆಯ ಮೂಲೆಯಿಂದ, ಸೊಪ್ಪಿನ ದಂಟು ಮುರಿಯುವ ಲಟಕ್, ಅದರ ಬೆನ್ನಿಗೇ ಬಾಯಿ ಮುಚ್ಚಿಕೊಂಡು ಗುನುಗುವ ಒಂದು ದನಿ. ತೀರಾ ಮೆಲ್ಲಗೆ. ನಡುವೆ ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಕೃಷ್ಣಾನಂದರು ಕಣ್ಣು ಬಿಟ್ಟರು. ಕೈ ತಾನಾಗಿ ಎಡಗಿವಿಗೆ ಹೋಯಿತು, ಆಮೇಲೆ ಬಲಗಿವಿಗೆ. ಎರಡೂ ಇದ್ದವು, ಎರಡೂ ಕೇಳುತ್ತಿದ್ದವು.

ಅಷ್ಟರಲ್ಲಿ ಪಕ್ಕದ ಕೃಪಾ ಎದ್ದು ಹೋಗಿ ರಸ್ತೆ ಕಡೆಯ ಕಿಟಕಿ ಮುಚ್ಚಿಬಂದಳು. ಬಸ್ಸು ನಿಲ್ಲಲಿಲ್ಲ. ಮತ್ತೆ ಎದ್ದು ಬಾಗಿಲೂ ಮುಚ್ಚಿದಳು.

"ಎಂತದ್ದು ಹೃಷಿ ಇದು, ಈ ಟ್ರಾಫಿಕ್ಕಲ್ಲಿ ನಿನ್ನಮ್ಮನ ದನಿ ಕೇಳುದು ಹೇಗೆ?" ಅಂತ ಪಿಸುಗುಟ್ಟಿದಳು.

ಹೃಷಿಕೇಶ್ ಅವಳನ್ನೇ ನೋಡಿ ಹಾಡು ನಿಲ್ಲಿಸಿದ. ಟ್ರಾಫಿಕ್ಕೂ ನಿಂತಿತು. "ಅದು ಆಲ್ಬಮ್ಮೇ ಕಣೇ," ಅಂದ, ಮಲಯಾಳಂನಲ್ಲಿ. "ನಮ್ಮನೆ ನೋಡು. ಎಡಕ್ಕೆ ಅಡುಗೆಮನೆ, ಬಲಕ್ಕೆ ರಸ್ತೆ. ಹಾಗೇ ಇಟ್ಟಿದ್ದೀನಿ. ಅಮ್ಮ ಪೂರ್ತಿ ಎಡಕ್ಕೆ, ಬಸ್ಸು ಪೂರ್ತಿ ಬಲಕ್ಕೆ. ನೀನು ಕೇಳಿಯೇ ಇಲ್ಲವಾ?"

ಕೃಷ್ಣಾನಂದರಿಗೆ ಬೋಟಿನ ಬೆಂಚು ಕಣ್ಣಮುಂದೆ ಬಂತು.

"ಕೃಪಾ, ಬೋಟಲ್ಲಿ ಕಿಟಕಿ ಕಡೆ ಯಾರು ಕೂರೋದು?"

"ನಾನು. ಯಾವಾಗಲೂ ನಾನೇ ಅಲ್ಲವಾ?"

"ಅಂದರೆ ನನ್ನ ಎಡಗಡೆ. ವೈರಿನ ಎಡದ ತುಂಡು ನಿನಗೆ, ಬಲದ ತುಂಡು ನನಗೆ."

"ಅಯ್ಯೋ ದೇವರೇ," ಅಂದಳು ಕೃಪಾ. "ನೀವು ಬಸ್ಸು, ಹಾರ್ನು ಅಂದದ್ದು ಆ ಗ್ರೈಂಡರಿನ ಹಾಗೆ ತಮಾಷೆಗೆ ಅಂತಲೇ ಇದ್ದೆ! ಕೃಷ್ಣಣ್ಣ, ಒಂದು ವರ್ಷದಿಂದ ನಾವು ಅರ್ಧರ್ಧ ಆಲ್ಬಂ ಕೇಳಿ ಹೊಡೆದಾಡ್ತಾ ಇದ್ದೆವಾ?"

ಹಾಲ್‌ನಲ್ಲಿ ನಗು ಸಿಡಿಯಿತು. ವಾಸಂತಿಯಂತೂ ಸೆರಗು ಬಾಯಿಗೊತ್ತಿಕೊಂಡು, "ಸದ್ಯ, ನನ್ನ ಪಾಲು ಅವಳಿಗೆ ಸಿಕ್ಕಿತಲ್ಲ! ಇಬ್ಬರಿಗೂ ಬಸ್ಸೇ ಸಿಕ್ಕಿದ್ದರೆ ನನ್ನ ಗತಿಯೇನು?" ಅಂದರು.

ಆಲ್ಬಮ್ಮನ್ನು ಮತ್ತೆ ಮೊದಲಿಂದ ಹಾಕಿಸಿದರು. ಮುಗಿದಾಗ ಕೃಷ್ಣಾನಂದರು ಪುಟ ತೆಗೆಯಲೇ ಇಲ್ಲ. "ಯಾರೂ ಇಲ್ಲದ ಊರು ಅಂದಿದ್ದೆ. ಊರಿನವರು ಅಡುಗೆಮನೆಯಲ್ಲಿದ್ದರು, ನಾನು ರಸ್ತೆಯಲ್ಲಿ ನಿಂತು ಹುಡುಕುತ್ತಿದ್ದೆ," ಅಂದರು. "ಪಾಸ್."

"ನನಗೆ ಬಸ್ಸು ಸ್ವಲ್ಪ ಜಾಸ್ತಿ ಆಯ್ತು," ಅಂದಳು ಕೃಪಾ. ಜಗಳ ಮತ್ತೆ ಶುರು.

ಸಂಜೆಯ ರೈಲಿನಲ್ಲಿ ಇಬ್ಬರೂ ಒಂದೇ ಬೋಗಿ. ವರ್ಕಲಾ ದಾಟಿದ ಮೇಲೆ ಕೃಷ್ಣಾನಂದರು ಅಪ್ಪನ ವಿಷಯ, ಅಡುಗೆಮನೆಯ ಪಿಸುಮಾತಿನ ಪರೀಕ್ಷೆ ಎಲ್ಲ ಹೇಳಿದರು. ಕೃಪಾ ನಗಲಿಲ್ಲ.

"ನನಗೆ ಹೇಳುದಲ್ಲವಾ ಕೃಷ್ಣಣ್ಣ? ಸುಮ್ಮನೆ ಬೇರೆ ಬೋಟಿಗೆ ಹೋದಿರಿ. ವಾರವಿಡೀ ಆ ತುಂಡು ಖಾಲಿ ನೇತಾಡ್ತಾ ಇತ್ತು ಗೊತ್ತುಂಟಾ?" ಬ್ಯಾಗಿನಿಂದ ಇಯರ್‌ಫೋನು ತೆಗೆದು, ಗಂಟು ಬಿಡಿಸಿ, ಎಡದ ತುಂಡನ್ನು ಅವರ ಕೈಗಿಟ್ಟಳು. "ಸೀಲಿಂಗ್ ಫ್ಯಾನಿಂದ ಮತ್ತೆ ಶುರು ಮಾಡುವ. ನಾಳೆಯಿಂದ ಕಿಟಕಿ ನಿಮಗೆ."

ಅದನ್ನು ಕಿವಿಗೆ ಇಡುವ ಮೊದಲೇ ಫೋನು ಬಂತು. ಸುಮಿತ್ರ. ಎತ್ತಿದರೆ ಸದ್ದೇ ಇಲ್ಲ. ರೈಲಿನ ಗಡಗಡದ ನಡುವೆ ಇನ್ನೊಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿ ಆಲಿಸಿದರು. ಆಗ ಅಲ್ಲಿಂದ, ಉಸಿರಿಗಿಂತ ಒಂದು ಚೂರೇ ಜಾಸ್ತಿ, ಪಿಸುದನಿ ಬಂತು.

"ಬರ್ತಾ ಹಾಲು ತಗೊಂಡು ಬನ್ನಿ."

"ಎಷ್ಟು ಪ್ಯಾಕೆಟ್ಟು?" ಎಂದು ಕೃಷ್ಣಾನಂದರು ಬೋಗಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಖುಷಿಯಾಗಿ ಕೇಳಿದರು.