ಹೇ, ವಾವ್, ಸೀನ್

"ಮುಟ್ಟಬ್ಯಾಡ್ರಿ ಸಾಹೇಬ!" ಎಂದವನೇ ಉಸ್ಮಾನ ಮಿಯಾ ರೇಡಿಯೇಟರಿನ ಮುಚ್ಚಳದ ಮೇಲಿದ್ದ ಭಾಲಚಂದ್ರನ ಕೈಯನ್ನು ಫಟ್ಟನೆ ಹೊಡೆದು ಸರಿಸಿದ. "ಕೈ ಅಷ್ಟೇ ಅಲ್ಲ, ಮಾರಿನೂ ಸುಟ್ಟು ಹೋಗ್ತದ. ದೂರ ಸರೀರಿ."

ಬಾನೆಟ್ಟಿನ ಸಂದುಗಳಿಂದ ಉಗಿ ಏಳುತ್ತಿತ್ತು. ಒಳಗೆ ಅನ್ನದ ಗಡಿಗೆ ಉಕ್ಕುವಂಥ ಸದ್ದು. ಭಾಲ್ಕಿ ದಾಟಿ ಹತ್ತು ಮೈಲಿಯೂ ಆಗಿರಲಿಲ್ಲ. ರಸ್ತೆಯ ಆಚೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದ ಹೀರಾಬಾಯಿ ಎಂಬ ಮುದುಕಿ ಕವಣೆ ಕೆಳಗಿಟ್ಟು ಕೂಗಿದಳು.

"ಏ ಮಿಯಾ, ನಿನ್ನ ಮೋಟಾರು ಹುಕ್ಕಾ ಸೇದ್ಲಿಕತ್ತದೇನ?"

"ವಯಸ್ಸಾಗ್ಯದ ಹೀರಾಬಾಯಿ, ಸೇದ್ಲಿ ಬಿಡು. ಬಾವಿ ನೀರು ಕೊಡ್ತಿಯೇನ?"

"ಮೋಟಾರಿಗೋ, ನಿನಗೋ?"

"ಮೊದಲು ಅದಕ್ಕ. ನಂದು ಆಮ್ಯಾಲ."

ಭಾಲಚಂದ್ರನಿಗೆ ನಗು ಬರಲಿಲ್ಲ. ಗಡಿಯಾರದಲ್ಲಿ ಹನ್ನೆರಡೂವರೆ. ಐದರೊಳಗೆ ಈ ಸರ್ಕಾರಿ ಗಾಡಿ ತನ್ನ ಕಾಲ ಮೇಲೆ ಔರಾದ ಮುಟ್ಟಿ, ಇಲಾಖೆಯ ಶಾಖೆಯಲ್ಲಿ ರಜಿಸ್ಟರಿಗೆ ಶಿಕ್ಕಾ ಬೀಳಬೇಕು. ಬೀಳದಿದ್ದರೆ ಗಾಡಿ ಹರಾಜಿಗೆ, ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದ ಉಸ್ಮಾನ ಮಿಯಾ ಮನೆಗೆ. ಹುಕುಂ ಬಂದಿತ್ತು. ಪರೀಕ್ಷೆ ಮಾಡಿ ವರದಿ ಬರೆಯಬೇಕಾದ ಓವರ್ಸಿಯರ್ ತಾನೇ. ಅರ್ಧ ವರದಿ ಆಗಲೇ ಅವನ ಜೇಬಿನಲ್ಲಿತ್ತು: 'ಚಾಲಕನ ಅಲಕ್ಷ್ಯದಿಂದ.'

ಅಲಕ್ಷ್ಯವೇನೋ ಆಗಿತ್ತು. ಹೈದರಾಬಾದ್ ರಾಜ್ಯ ಒಡೆದು ಯಾರ ಪಾಲಿಗೆ ಏನು ಎಂದು ತೀರ್ಮಾನವಾಗುವವರೆಗೆ ಈ ಹಸಿರು ಗಾಡಿ ಬೀದರಿನ ಕಚೇರಿಯ ಹಿಂದೆ, ಹುಣಸೆ ಮರದಡಿ ಹದಿನಾಲ್ಕು ತಿಂಗಳು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟು ಮರಿ ಮಾಡಿ ಹೋಗಿತ್ತು. ಹೋದ ತಿಂಗಳು ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗಾಡಿಯೂ ಸೇರಿತು. ಅದರ ಉರ್ದು ರಜಿಸ್ಟರನ್ನು ಕನ್ನಡಕ್ಕೆ ಇಳಿಸುವ ಕೆಲಸ ಭಾಲಚಂದ್ರನ ಪಾಲಿಗೆ ಬಂತು. ಭಾಲ್ಕಿಯ ಹುಡುಗ, ಉರ್ದು ಸಾಲಿಯಲ್ಲೇ ಮೆಟ್ರಿಕ್ ಮಾಡಿದವನು. ಅವನಿಗೆ ಅದೇನು ಮಹಾ!

"ಚಾಚಾ, ನೀರು ಹಾಕಿ ನಡೀರಿ ಇನ್ನ."

"ಬಿಸಲಾಗ ಓಡಿ ಬಂದವರಿಗೆ ಒಮ್ಮಿಗೇ ತಣ್ಣನ ನೀರು ಕುಡಸ್ತಾರೇನ್ರಿ? ಎದಿ ಒಡೀತದ. ಕುಂದರ್ರಿ."

ಅರ್ಧ ಗಂಟೆ ಉಸ್ಮಾನ ಮಿಯಾ ಗಾಡಿ ಮುಟ್ಟಲಿಲ್ಲ. ಬೀಡಿ ಸೇದಿದ, ಹೀರಾಬಾಯಿ ಕೊಟ್ಟ ಕಡಲೆಗಿಡದ ಹಸಿ ಕಾಯಿ ಬಿಡಿಸಿ ತಿಂದ. ಸದ್ದು ನಿಂತ ಮೇಲೆ ಎದ್ದು ಬಾನೆಟ್ ಎತ್ತಿದ. ಮೊದಲು ಮೂಗು ಹತ್ತಿರ ಒಯ್ದ. ಆಮೇಲೆ ವೈದ್ಯ ನಾಡಿ ಹಿಡಿಯುವಂತೆ ಬೆರಳ ತುದಿಯಿಂದ ಒಂದೊಂದೇ ಭಾಗ ಮುಟ್ಟುತ್ತ ಬಂದ. ಬೆರಳು ರೇಡಿಯೇಟರಿನ ಬುಡದಲ್ಲಿ ನಿಂತಿತು. ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆ. ಅದರ ಹಿಂದೆ ಕಬ್ಬಿಣದ ಮೇಲೆ ಉಗುರಿನಿಂದ ಗೀರಿದಷ್ಟೇ ತೆಳುವಾದ ಬಿಳಿ ಗೆರೆ.

"ಏನಿದು, ಹೇಳ್ರಿ."

"ಸುಣ್ಣ. ನೀರು ಸೋರಿ ಒಣಗ್ಯದ," ಎಂದ ಭಾಲಚಂದ್ರ. "ಆದ್ರ ಕಚೇರಿ ಅಂಗಳದಾಗ ಎರಡು ತಾಸು ಎಂಜಿನ್ ಹಚ್ಚಿ ನೋಡೇವಿ. ಒಂದು ಹನಿ ಬೀಳ್ಲಿಲ್ಲ."

"ಗೆರಿ ಯಾವ ಕಡಿ ಹೋಗ್ಯದ ನೋಡ್ರಿ. ನಿಂತಾಗ ಸೋರಿದ್ರ ಸೀದಾ ಕೆಳಗ ಇಳೀತಿತ್ತು. ಇದು ಹಿಂದಕ್ಕ ಓಡ್ಯದ. ಗಾಡಿ ಓಡುವಾಗ ಕುಲುಕ್ತದ, ಕೊಳವಿ ಬಿಗದ ಪಟ್ಟಿ ಸಡಲಿ ಬಾಯಿ ಬಿಡ್ತದ. ಗಾಳಿ ನೀರು ಹಿಂದಕ್ಕ ಒಯ್ತದ, ನೆಲಕ್ಕ ಹನಿ ಬೀಳೂದಿಲ್ಲ. ನಿಂತ ಕೂಡ್ಲೇ ಬಾಯಿ ಮುಚ್ಚಿ ಸಾಧು ಆಗ್ತದ."

ಭಾಲಚಂದ್ರ ಬಾಗಿ ನೋಡಿದ. ಮೂರು ವರ್ಷದ ಡಿಪ್ಲೊಮಾದಲ್ಲಿ ಯಾರೂ ಅವನಿಗೆ ಗೆರೆಯ ದಿಕ್ಕು ನೋಡು ಎಂದಿರಲಿಲ್ಲ. ಆ ಗೆರೆ ಬಾಲವೆತ್ತಿ ಓಡುವ ಕರುವಿನಂತೆ ಕಂಡಿತು.

"ಇದು ಮೊದಲೇ ಗೊತ್ತಿತ್ತೇನು ಚಾಚಾ?"

"ಗೊತ್ತಿರೂದೇನು, ರಜಿಸ್ಟರದಾಗ ಬರದೇ ಇಟ್ಟಿದ್ದೆ. ಹೋಸ್ ಢೀಲಾ ಹೈ, ಈ ಕೊಳವಿ ಸಡಲ್ಯದ ಅಂತ. ಈ ಒಂದು ತಿಂಗಳಾಗ ನಿಮ್ಮ ಕಡಿಂದ ಮೂರು ಸಲ ಹೊಸಾ ಬೆಲ್ಟು ಬಂತು. ಯಾರೋ ದೊಡ್ಡವರಿಗೆ ಬೆಲ್ಟಿನ ಮ್ಯಾಲೆ ಪ್ರೀತಿ ಅಂತ ಸುಮ್ಮ ಆದೆ."

ಭಾಲಚಂದ್ರ ಸೀಟಿನಿಂದ ಹಳೇ ರಜಿಸ್ಟರು ತಂದು ಹಾಳೆ ತಿರುವಿದ. ಹೇ, ವಾವ್, ಸೀನ್. ಮೂರೇ ಅಕ್ಷರ. ಉರ್ದುವಿನಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ, ವಾವ್ ಒಮ್ಮೆ 'ಓ', ಒಮ್ಮೆ 'ವ'; ಓದುವವನೇ ತುಂಬಿಕೊಳ್ಳಬೇಕು. ಇವನು 'ಹೊಸ' ಎಂದು ತುಂಬಿಕೊಂಡಿದ್ದ. ಬೀದರಿನವರ ಮಾತೇ ಅರ್ಧ ಉರ್ದು, ಅರ್ಧ ಕನ್ನಡ, ಬರೆಯುವಾಗಲೂ ಬೆರೆಸಿದ್ದಾನೆ ಮುದುಕ ಎಂದುಕೊಂಡಿದ್ದ. ಹೊಸದೇನು ಎಂದು ತಿಳಿಯದೆ ತನ್ನ ಕಡೆಯಿಂದಲೇ ಒಂದು ಪದ ಸೇರಿಸಿ ಬರೆದಿದ್ದ: 'ಹೊಸ ಬೆಲ್ಟು ಸಡಿಲವಾಗಿದೆ.'

ರಜಿಸ್ಟರು ಮುಚ್ಚಿದ. ತನ್ನ ತಪ್ಪನ್ನು ಮುದುಕನಿಗೆ ಹೇಳಿಬಿಟ್ಟ.

ಉಸ್ಮಾನ ಮಿಯಾ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವೇ ವಾಸಿ ಸಾಹೇಬ! ಮೊದಲಿನ ಪೇಶ್ಕಾರ ಅದನ್ನೇ 'ಹವಸ್' ಅಂತ ಓದಿದ್ರು, ಅಂದ್ರ ಕಾಮ. ಈ ವಯಸ್ಸಿನಾಗ ನಿನ್ನ ಹವಸ್ ಢೀಲಾ ಆದ್ರ ಸರ್ಕಾರ ಏನು ಮಾಡಬೇಕು ಮಿಯಾ, ಹಕೀಮರ ಕಡಿ ಹೋಗು ಅಂದ್ರು!"

ನಗು ನಿಲ್ಲುವ ಮೊದಲೇ ಕೈ ಕೆಲಸಕ್ಕೆ ಬಿದ್ದಿತ್ತು. ಬಿಸಿಲಿಗೆ ಒಣಗಿ ಸೀಳಿದ್ದ ಕೊಳವೆಯ ತುದಿಯನ್ನು ಎರಡು ಬೆರಳಷ್ಟು ಕೊಯ್ದ. ಒಳಗಿನ ಸುಣ್ಣ ಕೆರೆದು ತೆಗೆದ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಕೊಳವೆಯನ್ನು ತಿರುವುತ್ತ ಸ್ವಸ್ಥಾನಕ್ಕೆ ಏರಿಸಿ, ಮೇಲೆ ತಂತಿ ಬಿಗಿದ. ಎಂಜಿನ್ ಹಚ್ಚಿ, ಹೀರಾಬಾಯಿಯ ಕೊಡದಿಂದ ಸಣ್ಣ ಧಾರೆಯಾಗಿ ನೀರು ಹೊಯ್ದ. ಎಲ್ಲ ಮುಗಿದ ಮೇಲೆ ಉಳಿದ ನೀರನ್ನು ತಾನು ಕುಡಿದ. ಭಾಲಚಂದ್ರ ಜೇಬಿನ ವರದಿಯನ್ನು ಹರಿದು ಹೊಲಕ್ಕೆ ತೂರಿದ. "ನನ್ನ ಹೊಲದಾಗ ಯಾಕ ಬಿತ್ತೀರಿ, ಮುಂದಿನ ವರ್ಷ ಕಾರಕೂನರು ಹುಟ್ಟಿಗಿಟ್ಟಾರು!" ಎಂದಳು ಹೀರಾಬಾಯಿ.

ಔರಾದಿನವರೆಗೆ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ದಾರಿಯುದ್ದಕ್ಕೂ ಭಾಲಚಂದ್ರ ರಸ್ತೆ ನೋಡಲಿಲ್ಲ, ಆ ಕೈಗಳನ್ನೇ ನೋಡುತ್ತಿದ್ದ. ಏರು ಬರುವ ಮೊದಲೇ ಅವಕ್ಕೆ ಏರು ತಿಳಿಯುತ್ತಿತ್ತು.

ನಾಲ್ಕೂವರೆಗೆ ಶಾಖೆಯ ಮುಂದೆ ನಿಂತರು. ಕಾರಕೂನ ವಿಠ್ಠಲರಾವ್ ಶಿಕ್ಕಾ ತೆಗೆದು ಸಿದ್ಧವಾಗಿಟ್ಟ. ಭಾಲಚಂದ್ರ ಅಲ್ಲೇ ಕುಳಿತು ಬರೆದ: 'ದೋಷ ರಬ್ಬರು ಕೊಳವೆಯದು. ಚಾಲಕ ಉಸ್ಮಾನ ಮಿಯಾ ಇದನ್ನು ಹಿಂದೆಯೇ ಬರೆದಿದ್ದು, ತಪ್ಪಾಗಿ ಓದಿದವನು ನಾನು.' ಸಹಿ ಮಾಡಿ, ಚಾಲಕನ ಸಹಿಗೆಂದು ಲೇಖನಿಯನ್ನು ಉಸ್ಮಾನ ಮಿಯಾನತ್ತ ಚಾಚಿದ. ಮುದುಕ ಕೈ ಒರೆಸಿಕೊಂಡು, ಹಾಳೆಯ ಬಲಗಡೆಯಿಂದ ಬರೆಯಲು ಬಗ್ಗಿದ.

"ತಡೀರಿ ತಡೀರಿ," ಎಂದ ವಿಠ್ಠಲರಾವ್. "ಹೊಸಾ ಫಾರಮ್ಮು ಇದು. ಕನ್ನಡ ಬರ್ತದೇನ್ರಿ?"

"ಮಾತು ಬರ್ತದ. ಬರಿಯೂದು ಉರ್ದು."

"ಹಂಗಾದ್ರ ನಿರಕ್ಷರಿ ಕಾಲಂ." ವಿಠ್ಠಲರಾವ್ ಕೆಟ್ಟವನಲ್ಲ. ಬಡಪಾಯಿಗೆ ಸಹಾಯ ಮಾಡುವ ಧಾಟಿಯಲ್ಲೇ ಮಸಿಪಟ್ಟಿಯ ಮುಚ್ಚಳ ತೆಗೆದು ಮುಂದೆ ಸರಿಸಿದ. "ಹೆಬ್ಬೆಟ್ಟು ಒತ್ರಿ ಚಾಚಾ, ಶಿಕ್ಕಾ ಹೊಡೀತೇನಿ. ನೌಕರಿ ಪಕ್ಕಾ. ಐದಕ್ಕ ಬಾಗಿಲು ಹಾಕ್ತೇನಿ ನೋಡ್ರಿ."

ಭಾಲಚಂದ್ರ ಬಾಯಿ ತೆರೆಯುವಷ್ಟರಲ್ಲಿ ಉಸ್ಮಾನ ಮಿಯಾ ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದ.

"ಒತ್ತಂಗಿಲ್ಲ," ಎಂದ. "ಇಪ್ಪತ್ತೆರಡು ವರ್ಷ ಈ ರಜಿಸ್ಟರ್ ಬರದಾಂವ ನಾ."