ಅಣ್ಣನ ಹೆಗಲಿನ ಶಾಲು

ಕೊಪ್ಪದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮೂಕಾಂಬಿಕಾಳನ್ನು ಶೃಂಗೇರಿಯ ಸಾಹಿತ್ಯ ಸಂಘವೊಂದು ಭಾಷಣಕ್ಕೆ ಕರೆದದ್ದು ಎರಡು ಸಾವಿರದ ಆರರಲ್ಲಿ. ಗಂಡ ತೀರಿಕೊಂಡ ಮೇಲೆ ಹುಟ್ಟೂರಿನ ವೇದಿಕೆ ಹತ್ತಿದ್ದು ಅದೇ ಮೊದಲು. ತಾಯಿಗೆ ಊರು ಮರ್ಯಾದೆ ಕೊಡುವುದನ್ನು ಮಗಳು ಕಣ್ಣಾರೆ ನೋಡಲಿ ಅಂತ ಆಸೆಪಟ್ಟು ಶ್ರಾವ್ಯಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದಳು.

ಭಾಷಣವೇನೋ ಚೆನ್ನಾಗಿಯೇ ಆಯಿತು. ಗಂಡೋ ಹೆಣ್ಣೋ ಗೊತ್ತಿಲ್ಲದವರನ್ನು ಇಂಗ್ಲಿಷಿನವರು ನೂರಾರು ವರ್ಷ ನೆಮ್ಮದಿಯಾಗಿ 'ದೇ', ಅಂದರೆ 'ಅವರು', ಅನ್ನುತ್ತಿದ್ದರಂತೆ. ಆಮೇಲೆ ವ್ಯಾಕರಣದ ಪಂಡಿತರು ವಕ್ಕರಿಸಿ, ಅದು ತಪ್ಪು, 'ಅವನು' ಎನ್ನುವ 'ಹೀ' ಸಾಕು ಅಂದರು. ಸಾವಿರದ ಎಂಟುನೂರ ಐವತ್ತರಲ್ಲಿ ಅಲ್ಲಿನ ಪಾರ್ಲಿಮೆಂಟು, 'ಹೀ' ಅಂದರೆ ಹೆಂಗಸೂ ಸೇರಿದಳು ಅಂತ ಕಾನೂನನ್ನೇ ಮಾಡಿತು.

"ಶಿಕ್ಷೆಗೆ ಹೆಂಗಸನ್ನೂ ಸೇರಿಸಿಕೊಂಡರು. ಓಟಿಗೆ ಮಾತ್ರ ಹೊರಗಿಟ್ಟರು," ಅಂದಾಗ ಸಭೆ ಚಪ್ಪಾಳೆ ತಟ್ಟಿತು.

"ಎಂಥ ಅನ್ಯಾಯ ಮಾರಾಯ್ರೆ!" ಅಂತ ಸಂಘದ ಅಧ್ಯಕ್ಷ ವಿದ್ಯಾಶಂಕರ ಭಟ್ಟರು ತಲೆ ಕೊಡವಿದರು.

ಸನ್ಮಾನದ ಹೊತ್ತಿಗೆ ಅದೇ ಭಟ್ಟರು ಅವಳ ಅಣ್ಣ, ಸಿಮೆಂಟ್ ಅಂಗಡಿಯ ಕಶ್ಯಪನನ್ನು ವೇದಿಕೆಗೆ ಕರೆದರು.

"ಅಣ್ಣ ಯಾಕೆ?" ಅಂದಳು ಮೂಕಾಂಬಿಕಾ.

"ಗಂಡ ಇಲ್ದವ್ರಿಗೆ ಸ್ಟೇಜಲ್ಲಿ ಶಾಲು ಹೊದಿಸೋ ಪದ್ಧತಿ ನಮ್ಮಲ್ಲಿಲ್ಲಮ್ಮಾ. ಅಣ್ಣಂಗೆ ಹೊದಿಸಿದ್ರೆ ನಿಂಗೆ ಹೊದಿಸಿದ ಹಾಗೇ ಅಲ್ದಾ?" ಭಟ್ಟರು ಪ್ರೀತಿಯಿಂದಲೇ ಹೇಳಿದರು.

ಥೂ! ಚಪ್ಪಾಳೆ ತಟ್ಟಿದ ಕೈಯ ಬಿಸಿಯಾದರೂ ಆರಬಾರದೇ? ಅವಳಿಗೆ ಹಳಸಿದ ಸಾರು ಬಾಯಿಗಿಟ್ಟ ಹಾಗಾಯಿತು. ಕಶ್ಯಪ ಕ್ರಾಪು ತೀಡಿಕೊಳ್ಳುತ್ತ ಬಂದು, ಕತ್ತು ಬಗ್ಗಿಸಿ ಶಾಲು ಹೊದಿಸಿಕೊಂಡು ಕ್ಯಾಮರಾಕ್ಕೆ ಹಲ್ಲು ಕಿರಿದ. ಒಡಹುಟ್ಟಿದವನ ಮುಖ ಅಷ್ಟು ಅಸಹ್ಯವಾಗಿ ಅವಳಿಗೆ ಯಾವತ್ತೂ ಕಂಡಿರಲಿಲ್ಲ. ಕೆಳಗೆ ಶ್ರಾವ್ಯ ತಲೆ ತಗ್ಗಿಸಿದ್ದಳು.

ಪ್ರಶ್ನೆ ಕೇಳಬಹುದು ಅಂದ ಕೂಡಲೇ ನಿವೃತ್ತ ಮೇಷ್ಟ್ರು ಶಿವಶಂಕರಪ್ಪ ಎದ್ದರು. "ಮೇಡಂ, ಜನ ಆಡ್ತಿದ್ದ ಮಾತನ್ನ ಆ ಪಂಡಿತರು ಯಾಕೆ ತಪ್ಪು ಅಂದ್ರು?"

ಮೂಕಾಂಬಿಕಾ ಮೈಕನ್ನು ಕಶ್ಯಪನ ಕೈಗೆ ತುರುಕಿದಳು. "ಅಣ್ಣ ಹೇಳ್ತಾನೆ. ಅವನು ಹೇಳಿದ್ರೆ ನಾನು ಹೇಳಿದ ಹಾಗೇ ಅಲ್ದಾ ಭಟ್ರೇ?"

"ಎಂತ ಮಾರಾಯ್ತಿ ಇದು!" ಅಂತ ಕಶ್ಯಪ ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಯಾರೋ ಕಿಸಕ್ಕೆಂದರು. ಕುತ್ತಿಗೆಯೆಲ್ಲ ಬೆವರಿ, ಅವನು ಶಾಲು ತೆಗೆದು ತಂಗಿಯತ್ತ ಚಾಚಿದ.

"ನಿನ್ನ ಬೆವರು ಮೆತ್ತಿದ್ದು ನಂಗೆಂತಕ್ಕೆ? ನೀನೇ ಇಟ್ಕೋ," ಅಂದು ಅವಳು ಮೈಕು ಕಿತ್ತುಕೊಂಡಳು. "ಹೇಳ್ತೀನಿ ಮೇಷ್ಟ್ರೇ, ಕೂತ್ಕೊಳ್ಳಿ."

ಮುಂದಿನ ಸಾಲಿನಲ್ಲಿ ಶ್ರಾವ್ಯ ತಲೆ ಎತ್ತಿದಳು.